ಮೊದಲ ಕಳ್ಳತನ, ಒಂದು ವರ್ಷದ ಮುಚ್ಚಳಿಕೆ

‘ಮೊದಲ ಸಲ ಅಲ್ಲವೇ, ಬಿಟ್ಟುಬಿಡುತ್ತಾರೆ ಬಿಡಿ.’ ತಮ್ಮನನ್ನು ಪೊಲೀಸರು ಕರೆದುಕೊಂಡು ಹೋದ ವಾರದಲ್ಲಿ ಮನೆಗೆ ಬಂದವರೆಲ್ಲ ಇದೇ ಮಾತು ಆಡಿದರು. ಹೇಳಿದವರಲ್ಲಿ ಒಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ನಾನಾದರೋ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡವಳು. ವಕಾಲತ್ತು, ಅಫಿಡವಿಟ್ಟುಗಳನ್ನು ದಿನವೂ ಬೆರಳಿನಲ್ಲಿ ಕುಟ್ಟುತ್ತೇನೆ. ಕಾಗದ ಟೈಪ್ ಮಾಡುವುದು ಬೇರೆ, ಆ ಕಾಗದದಲ್ಲಿ ಸ್ವಂತ ತಮ್ಮನ ಹೆಸರಿನ ಮುಂದೆ ‘ಆರೋಪಿ 1’ ಎಂದು ಓದುವುದು ಬೇರೆ. ಈಗ ಕೇಸು ಮುಗಿದಿದೆ. ಇಂಥದೇ ಕಷ್ಟಕ್ಕೆ ಸಿಕ್ಕಿಕೊಂಡವರು ಅಂಗಡಿಗೆ ಬಂದು ಪಿಸುಮಾತಿನಲ್ಲಿ ವಿಚಾರಿಸುತ್ತಾರೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ.

ತಮ್ಮ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಪಿಯುಸಿ ಮುಗಿಸಿದವನು ಪದವಿಗೆ ಹೋಗಲಿಲ್ಲ. ಲೆಕ್ಕ ಚೆನ್ನಾಗಿ ಬರೆಯುತ್ತಾನೆಂದು ಸಾಹುಕಾರರು ವರ್ಷದೊಳಗೆ ಗೋದಾಮಿನ ಕೀಲಿಯನ್ನೂ ಕೈಗೆ ಕೊಟ್ಟಿದ್ದರು. 2021ರ ಅಕ್ಟೋಬರ್ 24ರಂದು ಟಿ20 ವಿಶ್ವಕಪ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 10 ವಿಕೆಟ್‌ಗಳಿಂದ ಸೋತಿತಲ್ಲ, ಅಂದು ರಾತ್ರಿ ಇವನು ಬೆಟ್ಟಿಂಗ್‌ನಲ್ಲಿ ಸೋತದ್ದು ನಮಗೆ ತಿಳಿದದ್ದು ಬಹಳ ತಡವಾಗಿ. ಸಾಲ ಕೊಟ್ಟವರು ಮಂಡಿಯ ಬಾಗಿಲಿಗೇ ಬಂದು ನಿಲ್ಲತೊಡಗಿದಾಗ, ನವೆಂಬರಿನ ಒಂದು ರಾತ್ರಿ ಗೋದಾಮಿನಿಂದ ಎರಡು ಚೀಲ ರಾಶಿ ಅಡಿಕೆಯನ್ನು ಲಗೇಜ್ ಆಟೋಗೆ ಹಾಕಿಸಿ, ಪಕ್ಕದ ತಾಲ್ಲೂಕಿನ ಸಣ್ಣ ವ್ಯಾಪಾರಿಯೊಬ್ಬನಿಗೆ ಅರ್ಧ ಬೆಲೆಗೆ ಕೊಟ್ಟ. ಚೀಲದ ಮೇಲೆ ಹಸಿರು ಶಾಯಿಯಲ್ಲಿ ಬರೆದ ಲಾಟ್ ನಂಬರನ್ನು ಅಳಿಸುವ ಬುದ್ಧಿಯೂ ಇರಲಿಲ್ಲ. ಆ ಅಕ್ಷರವೂ ಅವನದೇ. ಸಿಸಿಟಿವಿಯಲ್ಲಿ ಮುಖ, ಚೀಲದ ಮೇಲೆ ಕೈಬರಹ. ಪೊಲೀಸರಿಗೆ ಹೆಚ್ಚು ಶ್ರಮವೇನೂ ಬೀಳಲಿಲ್ಲ.

ಆಗಿನ್ನೂ ಐಪಿಸಿ ಕಾಲ. ಹಾಕಿದ್ದು ಕಲಂ 381, ಅಂದರೆ ನೌಕರನೇ ಯಜಮಾನನ ಸೊತ್ತನ್ನು ಕದಿಯುವುದು. ಸಾದಾ ಕಳ್ಳತನದ 379ಕ್ಕೆ 3 ವರ್ಷದವರೆಗೆ ಶಿಕ್ಷೆಯಾದರೆ ಇದಕ್ಕೆ 7 ವರ್ಷದವರೆಗೆ. ಜಾಮೀನು ಕೋರ್ಟಿನಲ್ಲೇ ಆಗಬೇಕು. 7 ವರ್ಷ ಎಂದು ಕೇಳಿದ ಕೂಡಲೇ ಅಮ್ಮ ಊಟ ಬಿಟ್ಟಳು. ವಿಚಾರಣೆ ನಡೆಸುವ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ 3 ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸುವ ಅಧಿಕಾರವೇ ಇಲ್ಲ ಎಂದು ವಕೀಲರು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಉಸಿರು ಬಂತು. 7 ವರ್ಷದವರೆಗಿನ ಅಪರಾಧಗಳಲ್ಲಿ ಬಂಧಿಸುವ ಮೊದಲು ಪೊಲೀಸರು ಕಾರಣ ದಾಖಲಿಸಬೇಕು, ಅಗತ್ಯವಿಲ್ಲದಿದ್ದರೆ ನೋಟಿಸು ಕೊಟ್ಟು ಕರೆಸಿಕೊಳ್ಳಬೇಕು ಎಂದು 2014ರಲ್ಲೇ ಸುಪ್ರೀಂ ಕೋರ್ಟು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನಮ್ಮವನಿಗೆ ಆ ನೋಟಿಸು ಬರಲಿಲ್ಲ. ವಕೀಲರು ಅದನ್ನೇ ಹಿಡಿದು ವಾದಿಸಿದರು. ಸೋದರಮಾವ ತಮ್ಮ ಜಮೀನಿನ ಪಹಣಿ ತಂದು ಜಾಮೀನುದಾರರಾಗಿ ನಿಂತರು. ತಮ್ಮ ಹೊರಬಂದ. ಜೈಲಿನಲ್ಲಿದ್ದವರಿಗೆ, ಹಾಗೆಯೇ ಹೆಂಗಸರಿಗೆ, ಆದಾಯ ನೋಡದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ ಎಂಬ ಬೋರ್ಡು ಕೋರ್ಟಿನ ಗೋಡೆಯ ಮೇಲೇ ಇದೆ. ಫೀಸಿಗಾಗಿ ಓಲೆ, ಸರ ಅಡವಿಡಲು ಹೊರಡುವವರು ಮೊದಲು ಅದನ್ನು ಓದಲಿ.

ನಾನು ವಕೀಲರನ್ನು ಮೊದಲು ಕೇಳಿದ್ದೂ ಊರವರ ಮಾತನ್ನೇ. ‘ಸರ್, ಮೊದಲ ಸಲ ಅಲ್ಲವೇ?’

‘ಮೊದಲ ಸಲ ಎನ್ನುವುದು ಬಾಗಿಲವರೆಗೆ ಕರೆದುಕೊಂಡು ಹೋಗುತ್ತದಮ್ಮ. ಒಳಗೆ ಬಿಡುವುದು ಬೇರೆ ಬೇರೆ ಸಂಗತಿಗಳು’ ಎಂದರು. ಆಮೇಲೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಇಂಗ್ಲಿಷಿನಲ್ಲಿ ಪ್ರೊಬೇಷನ್ ಆಫ್ ಅಫೆಂಡರ್ಸ್ ಆಕ್ಟ್, ಕೋರ್ಟಿನಲ್ಲಿ ಎಲ್ಲರೂ ಅದನ್ನು ಪಿ.ಓ. ಆಕ್ಟ್ ಎನ್ನುತ್ತಾರೆ. ಚಿಕ್ಕ ಕಾಯ್ದೆ, ಕಲಂಗಳು ಇಪ್ಪತ್ತೂ ಇಲ್ಲ. ಅಂಗಡಿಗೆ ತಂದು ರಾತ್ರಿಯೇ ಜೆರಾಕ್ಸ್ ಮಾಡಿಕೊಂಡು ಓದಿದೆ.

ಅದರಲ್ಲಿ ನಮಗೆ ಬೇಕಾದವು ಮೂರು. ಕಲಂ 3ರಲ್ಲಿ ಕೋರ್ಟು ಬುದ್ಧಿ ಹೇಳಿ ಕಳುಹಿಸಬಹುದು. ಆ ಪಟ್ಟಿಯಲ್ಲಿ 379, 380, 381ನ್ನು ಹೆಸರಿಟ್ಟೇ ಸೇರಿಸಿದ್ದಾರೆ. ಹಿಂದೆ ಶಿಕ್ಷೆಯಾಗಿರಬಾರದು ಅಷ್ಟೇ. ಕಲಂ 4ರಲ್ಲಿ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಇವೆರಡೂ ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಕಲಂ 6 ಮಾತ್ರ ಗಟ್ಟಿ ಆಸರೆ: ತಪ್ಪಿತಸ್ಥನೆಂದು ಕಂಡುಬಂದವನಿಗೆ 21 ತುಂಬಿಲ್ಲದಿದ್ದರೆ ಕೋರ್ಟು ಅವನನ್ನು ಸುಮ್ಮನೆ ಜೈಲಿಗೆ ಕಳುಹಿಸುವಂತಿಲ್ಲ, ಇಂಥವರ ಮನೆ, ನಡತೆ ವಿಚಾರಿಸಿ ನಿಗಾ ಇಡುವ ಪರಿವೀಕ್ಷಣಾಧಿಕಾರಿಯ ವರದಿ ತರಿಸಲೇಬೇಕು, ಜೈಲೇ ಸರಿ ಎಂದರೆ ಕಾರಣ ಬರೆಯಲೇಬೇಕು. ತಮ್ಮನಿಗೆ ಆಗ 19. ನಾನು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ.

ವಕೀಲರು ನನ್ನ ಗೆರೆ ನೋಡಿ ತಲೆಯಾಡಿಸಿದರು. ಲೆಕ್ಕಕ್ಕೆ ಬರುವುದು ಕದ್ದ ದಿನದ ವಯಸ್ಸಲ್ಲ, ಕೋರ್ಟು ತೀರ್ಮಾನಿಸುವ ದಿನದ ವಯಸ್ಸು. 2002ರ ಜೂನ್‌ನಲ್ಲಿ ಹುಟ್ಟಿದವನಿಗೆ 2023ರ ಜೂನ್‌ಗೆ 21 ತುಂಬುತ್ತದೆ. ಅಷ್ಟರೊಳಗೆ ಕೇಸು ಮುಗಿಯಬೇಕು.

ಬೇಗ ಮುಗಿಸುವ ದಾರಿಗಳು ಇದ್ದವು. ಮೊದಲನೆಯದು ರಾಜಿ. 381ನ್ನು ಕೋರ್ಟಿನ ಅನುಮತಿ ಪಡೆದು ಮಾಲಿನ ಒಡೆಯರು ರಾಜಿ ಮಾಡಿಕೊಳ್ಳಬಹುದು. ರಾಜಿಯಾದರೆ ಬಿಡುಗಡೆಯೇ, ತಪ್ಪಿತಸ್ಥ ಎಂಬ ಹಣೆಪಟ್ಟಿಯೇ ಇರುವುದಿಲ್ಲ. (ಮನೆಯೊಳಗಿನ ಕಳ್ಳತನವೆಂದು 380 ಹಾಕಿದ್ದರೆ ಈ ದಾರಿ ಮುಚ್ಚಿರುತ್ತಿತ್ತು. ಯಾವ ಕಲಂ ಹಾಕಿದ್ದಾರೆ ಎಂಬುದನ್ನು ಮೊದಲ ದಿನವೇ ನೋಡಬೇಕಾದದ್ದು ಇದಕ್ಕೇ.) ಅಮ್ಮನೂ ನಾನೂ ಸಾಹುಕಾರರ ಮನೆಗೆ ಹೋದೆವು. ಅವರು ಬೈಯಲಿಲ್ಲ. ಕಾಫಿ ಕೊಡಿಸಿದರು. ‘ನೋಡಮ್ಮ, ನನ್ನ ಅಡಿಕೆ ನನಗೆ ಸಿಕ್ಕಿದೆ. ಆದರೆ ಗೋದಾಮಿನ ಕೀಲಿ ಇನ್ನೂ ನಾಲ್ಕು ಹುಡುಗರ ಕೈಯಲ್ಲಿದೆ. ಇವನನ್ನು ಬಿಟ್ಟರೆ ಅವರು ಏನು ಲೆಕ್ಕ ಹಾಕುತ್ತಾರೆ, ನೀವೇ ಹೇಳಿ’ ಎಂದರು. ಅಮ್ಮನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿಯೂ ಇರಲಿಲ್ಲ. ಎರಡನೆಯದು 2006ರಲ್ಲಿ ಜಾರಿಗೆ ಬಂದ ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತುಕತೆಯಲ್ಲಿ ಇತ್ಯರ್ಥ ಮಾಡಿಕೊಳ್ಳುವುದು. ಅದರಲ್ಲೂ ಪ್ರೊಬೇಷನ್ ಕೊಡಲು, ಅಂದರೆ ಜೈಲಿಗೆ ಹಾಕದೆ ಪಿ.ಓ. ಆಕ್ಟ್ ಅಡಿ ಬಿಡಲು, ಅವಕಾಶವಿದೆ. ಆದರೆ ಕಳೆದುಕೊಂಡವರೂ ಎದುರು ಕೂತು ಒಪ್ಪಬೇಕು. ಸಾಹುಕಾರರು ಕೂರುವುದಿಲ್ಲ ಎಂದರು. ಉಳಿದದ್ದು ವಿಚಾರಣೆ ಎದುರಿಸುವುದು, ಇಲ್ಲವೇ ದೋಷಾರೋಪ ಓದಿ ಹೇಳುವ ದಿನ ತಪ್ಪೊಪ್ಪಿಕೊಂಡು ಪ್ರೊಬೇಷನ್ ಕೇಳುವುದು.

ತಪ್ಪೊಪ್ಪಿಕೊಳ್ಳಲು ತಮ್ಮ ಸಿದ್ಧನಿದ್ದ. ಕೋರ್ಟು ಸಿದ್ಧವಿರಲಿಲ್ಲ, ಯಾಕೆಂದರೆ ಆರೋಪಿ 2 ನಾಪತ್ತೆ. ಅಡಿಕೆ ಕೊಂಡ ಆ ವ್ಯಾಪಾರಿಯ ಮೇಲೆ ಕಳವು ಮಾಲು ಇಟ್ಟುಕೊಂಡ 411ರ ಆರೋಪವಿತ್ತು. ಸಮನ್ಸ್ ಹೋಯಿತು, ಮನೆಗೆ ಬೀಗ. ವಾರಂಟ್ ಹೋಯಿತು, ಮತ್ತೆ ಬೀಗ. ಇಬ್ಬರೂ ಒಟ್ಟಿಗೆ ಹಾಜರಾಗದೆ ದೋಷಾರೋಪ ಹೊರಿಸುವುದನ್ನು ಪ್ರತಿ ವಾಯಿದೆಯಲ್ಲೂ ಮುಂದಕ್ಕೆ ಹಾಕಿದರು. ಬೆಂಚ್ ಕ್ಲರ್ಕ್ ಹೆಸರು ಕೂಗಿಸುತ್ತಿದ್ದರು, ತಮ್ಮ ಕಟಕಟೆಯ ಬಳಿ ಹೋಗಿ ಕೈ ಕಟ್ಟಿ ನಿಲ್ಲುತ್ತಿದ್ದ, ಅರ್ಧ ನಿಮಿಷದಲ್ಲಿ ಮುಂದಿನ ತಾರೀಖು. ನಡುವೆ ಮ್ಯಾಜಿಸ್ಟ್ರೇಟರಿಗೆ ವರ್ಗವಾಗಿ ಕೆಲಕಾಲ ಕುರ್ಚಿಯೇ ಖಾಲಿ. ಆರೋಪಿ 2ರ ಪ್ರಕರಣವನ್ನು ಪ್ರತ್ಯೇಕಿಸಿ ಎಂದು ವಕೀಲರು ಅರ್ಜಿ ಹಾಕಿ ಅದು ಆದೇಶವಾಗುವ ಹೊತ್ತಿಗೆ ಜೂನ್ ದಾಟಿ ಹೋಗಿತ್ತು. ನನ್ನ ಕೆಂಪು ಗೆರೆಗೆ ಬೆಲೆಯಿಲ್ಲದಾಯಿತು. ಹುಡುಗನೊಬ್ಬನನ್ನು ಕಾಪಾಡಲೆಂದು ಬರೆದ ಕಲಮನ್ನು, ಎಲ್ಲೋ ಅಡಗಿ ಕೂತ ಇನ್ನೊಬ್ಬ ಹೀಗೆ ತಿಂದುಹಾಕಬಹುದು ಎನ್ನುವುದು ನನಗೆ ಇಂದಿಗೂ ಅರಗಿಲ್ಲ. ಸಹ ಆರೋಪಿ ಕಾಣೆಯಾಗಿದ್ದರೆ ಪ್ರತ್ಯೇಕಿಸುವ ಅರ್ಜಿಯನ್ನು ಎಷ್ಟು ಬೇಗ ಹಾಕಿಸಬಹುದೋ ಅಷ್ಟು ಬೇಗ ಹಾಕಿಸಿ ಎಂದು ಈಗ ಬಂದವರಿಗೆಲ್ಲ ಹೇಳುತ್ತೇನೆ.

ಈ ಕಾಯುವ ಕಾಲದಲ್ಲೇ ಅವನಿಗೆ ಬೆಂಗಳೂರಿಗೆ ಹೋಗಿ ಡೆಲಿವರಿ ಕೆಲಸಕ್ಕೆ ಸೇರುವ ಆಸೆ ಹುಟ್ಟಿತು. ಊರಿನಲ್ಲಿ ಮುಖ ತೋರಿಸಲು ಆಗುತ್ತಿಲ್ಲ ಎಂಬುದು ಒಳಗಿನ ಕಾರಣ. ವಕೀಲರು ಬೇಡವೆಂದರು. ಕಲಂ 4ರ ಪ್ರಕಾರ ಬಿಡಬೇಕಾದರೆ ಅಪರಾಧಿಗೋ ಅವನ ಜಾಮೀನುದಾರನಿಗೋ ಕೋರ್ಟಿನ ವ್ಯಾಪ್ತಿಯಲ್ಲಿ, ಇಲ್ಲವೇ ಮುಚ್ಚಳಿಕೆಯ ಅವಧಿಯಲ್ಲಿ ಅವನು ಇರಲಿರುವ ಜಾಗದಲ್ಲಿ, ಕಾಯಂ ವಾಸವೋ ಖಾಯಂ ಉದ್ಯೋಗವೋ ಇದೆಯೆಂದು ಮನವರಿಕೆಯಾಗಬೇಕು. ಮಾವನ ಜಮೀನು ಇಲ್ಲೇ ಇದ್ದುದರಿಂದ ಕಾನೂನಿನ ಲೆಕ್ಕ ಸರಿಹೋಗುತ್ತಿತ್ತು. ‘ಆದರೆ ನಾಲ್ಕು ಜನರೊಂದಿಗೆ ಕೋಣೆ ಹಂಚಿಕೊಂಡು ತಿಂಗಳಿಗೊಂದು ಕಂಪನಿ ಬದಲಿಸುವವನ ಬಗ್ಗೆ ವರದಿ ಬರೆಯಲು ಬಂದವರು ಯಾರನ್ನು ಕೇಳಿ ಬರೆಯಬೇಕು?’ ಎಂದರು. ಆ ಮಾತು ನಾಟಿತು. ಬೈಪಾಸ್ ಬಳಿಯ ಟ್ರ್ಯಾಕ್ಟರ್ ಗ್ಯಾರೇಜಿನವರನ್ನು ನಾನೇ ಕಂಡು, ಕೇಸಿನ ವಿಷಯ ಒಂದೂ ಮುಚ್ಚಿಡದೆ ಹೇಳಿ ಕೆಲಸ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಬರಲಿ, ನೋಡೋಣ’ ಎಂದರು.

ದೋಷಾರೋಪ ಓದಿದ ದಿನ ತಮ್ಮ ಒಪ್ಪಿಕೊಂಡ. ಮ್ಯಾಜಿಸ್ಟ್ರೇಟರು ಅವಸರ ಮಾಡಲಿಲ್ಲ. ಯಾರಾದರೂ ಹೆದರಿಸಿದ್ದಾರೆಯೇ, ಆಸೆ ತೋರಿಸಿದ್ದಾರೆಯೇ, ಒಪ್ಪಿಕೊಂಡರೆ ಶಿಕ್ಷೆಯಾಗಬಹುದೆಂದು ಗೊತ್ತೇ ಎಂದು ಒಂದೊಂದಾಗಿ ಕೇಳಿ ಬರೆಸಿದರು. ಪ್ರೊಬೇಷನ್ ಸಿಕ್ಕೇ ಸಿಗುತ್ತದೆಂದು ಯಾರಾದರೂ ಮಾತು ಕೊಟ್ಟು ತಪ್ಪೊಪ್ಪಿಸುತ್ತಿದ್ದರೆ ಅಂಥವರ ಮಾತು ನಂಬಬೇಡಿ. ಒಪ್ಪಿಕೊಂಡ ಮೇಲೆ ಜೈಲೂ ಆಗಬಹುದು. ನಮ್ಮ ವಕೀಲರು ಅದನ್ನು ಅಮ್ಮನ ಎದುರಿಗೇ ಹೇಳಿದ್ದರು. ಸಾಕ್ಷ್ಯ ಅಷ್ಟು ಬಿಗಿಯಾಗಿ ಇರದಿದ್ದರೆ ಈ ದಾರಿ ಹಿಡಿಯಲು ಅವರು ಬಿಡುತ್ತಲೂ ಇರಲಿಲ್ಲ. ಸರ್ಕಾರಿ ವಕೀಲರು, ನಂಬಿ ಕೀಲಿ ಕೊಟ್ಟವರಿಗೇ ದ್ರೋಹ ಮಾಡಿದ್ದಾನೆ, ಕನಿಕರ ತೋರಿಸಿದರೆ ಮಂಡಿಗಳಲ್ಲಿ ತಪ್ಪು ಸಂದೇಶ ಹೋಗುತ್ತದೆ ಎಂದರು. ನಮ್ಮ ವಕೀಲರು ವಯಸ್ಸು, ಮಾಲು ಪೂರ್ತಿ ಸಿಕ್ಕಿದ್ದು, ಹಿಂದೆ ಯಾವ ಕೇಸೂ ಇಲ್ಲದ್ದು ಹೇಳಿ, ಪ್ರೊಬೇಷನ್ ಕೊಡಬಹುದಾದ ಪ್ರಕರಣದಲ್ಲಿ ಕೊಡದಿದ್ದರೆ ವಿಶೇಷ ಕಾರಣ ದಾಖಲಿಸಬೇಕೆನ್ನುವ ದಂಡ ಪ್ರಕ್ರಿಯಾ ಸಂಹಿತೆಯ 361ನ್ನೂ ಮುಂದಿಟ್ಟರು. ಮ್ಯಾಜಿಸ್ಟ್ರೇಟರು ಪರಿವೀಕ್ಷಣಾಧಿಕಾರಿಯ ವರದಿ ಕೇಳಿ ಮುಂದೂಡಿದರು.

ನನ್ನ ಮಟ್ಟಿಗೆ ಕೇಸು ತೀರ್ಮಾನವಾದದ್ದು ಕೋರ್ಟು ಹಾಲಿನಲ್ಲಿ ಅಲ್ಲ, ಆ ವರದಿಗಾಗಿ ಅಧಿಕಾರಿ ನಮ್ಮ ಮನೆಗೆ ಬಂದ ದಿನ.

ಬಂದವರು ನಡುವಯಸ್ಸಿನ ಮೇಡಂ. ಕೈಯಲ್ಲಿ ಒಂದು ರಟ್ಟಿನ ಫೈಲು, ಜೊತೆಗೆ ಯಾರೂ ಇಲ್ಲ. ಅಮ್ಮ ಕುರ್ಚಿ ಹಾಕಿದರೂ ಜಗುಲಿಯ ಮೇಲೇ ಕೂತರು. ರೇಷನ್ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಬೇಗ ಪಕ್ಕಕ್ಕಿಟ್ಟರು. ಅವರ ಪ್ರಶ್ನೆಗಳು ಬೇರೆಯೇ ಆಗಿದ್ದವು. ಇವನು ಮಲಗುವುದು ಯಾವ ಕೋಣೆಯಲ್ಲಿ? ರಾತ್ರಿ ತಡವಾದರೆ ಬಾಗಿಲು ತೆಗೆಯುವವರು ಯಾರು? ಸಂಬಳ ಯಾರ ಕೈಗೆ ಕೊಡುತ್ತಾನೆ? ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಇವನು ಯಾರ ಮಾತು ಕೇಳುತ್ತಾನೆ? ಕೊನೆಯದಕ್ಕೆ ಅಮ್ಮ ನನ್ನ ಕಡೆ ನೋಡಿದಳು. ಮೇಡಂ ಏನೋ ಬರೆದುಕೊಂಡರು.

‘ಈಗಲೂ ಬೆಟ್ಟಿಂಗ್ ಆಡುತ್ತಾನೆಯೇ?’

‘ಅಯ್ಯೋ, ಅವನಿಗೆ ಅದೆಲ್ಲ ಗೊತ್ತೇ ಇಲ್ಲ ಮೇಡಂ, ಯಾರೋ ಕೆಡಿಸಿದರು’ ಎಂದಳು ಅಮ್ಮ.

ತಮ್ಮ ಬಾಗಿಲ ಬಳಿ ನಿಂತಿದ್ದ. ‘ಗೊತ್ತಿತ್ತು ಮೇಡಂ. ಯಾರೂ ಕೆಡಿಸಲಿಲ್ಲ. ಜೈಲಿಂದ ಬಂದ ಮೇಲೂ ಒಂದು ಸಲ ಆಡಿದೆ, ಐನೂರು ರೂಪಾಯಿ ಹೋಯಿತು. ಅಕ್ಕನಿಗೆ ಸಿಕ್ಕಿಬಿದ್ದೆ. ಆಮೇಲೆ ಆಡಿಲ್ಲ. ಈಗ ನನ್ನ ಬ್ಯಾಂಕ್ ಖಾತೆಯ ಎಟಿಎಂ ಕಾರ್ಡು ಅಕ್ಕನ ಹತ್ತಿರ ಇದೆ’ ಎಂದ.

ನನಗೆ ಅವನ ಬಾಯಿ ಹೊಲಿಯಬೇಕೆನ್ನಿಸಿತು. ಮೇಡಂ ಮೊದಲ ಬಾರಿಗೆ ಫೈಲಿನಿಂದ ತಲೆಯೆತ್ತಿ ಅವನನ್ನು ನೇರವಾಗಿ ನೋಡಿದರು. ಕಾರ್ಡು ತೋರಿಸಿ ಎಂದು ನನ್ನನ್ನು ಕೇಳಿದರು. ತಂದು ತೋರಿಸಿದೆ.

ಆಮೇಲೆ ಅವರು ಹಾಲಿನ ಡೇರಿಯವರನ್ನು, ಪಕ್ಕದ ಮನೆಯವರನ್ನು ಮಾತನಾಡಿಸಿ ಗ್ಯಾರೇಜಿಗೆ ಹೋದರು. ಅಲ್ಲಿ ನಡೆದದ್ದನ್ನು ಗ್ಯಾರೇಜಿನವರೇ ನನಗೆ ಹೇಳಿದ್ದು. ಇವನ ಮೇಲೆ ಕಳ್ಳತನದ ಕೇಸಿರುವುದು ನಿಮಗೆ ಗೊತ್ತೇ ಎಂದು ಮೇಡಂ ಕೇಳಿದರಂತೆ. ‘ಸೇರುವ ಮೊದಲೇ ಗೊತ್ತು. ಸಂಜೆ ನಾನು ಬೇಗ ಹೋದರೆ ಗಲ್ಲಾಪೆಟ್ಟಿಗೆಯ ಕೀಲಿ ಇವನ ಕೈಯಲ್ಲೇ ಇರುತ್ತದೆ’ ಎಂದರಂತೆ. ಗ್ರಾಮ ಪಂಚಾಯಿತಿ ಸದಸ್ಯರಿಂದ, ಹೈಸ್ಕೂಲು ಮೇಷ್ಟ್ರಿಂದ ನಾನು ಓಡಾಡಿ ತಂದ ನಡತೆ ಪ್ರಮಾಣಪತ್ರಗಳೆಲ್ಲ ಫೈಲಿನಲ್ಲಿದ್ದವು. ಅವುಗಳನ್ನೆಲ್ಲ ಒಟ್ಟು ಹಾಕಿದರೂ ಈ ಒಂದು ಮಾತಿನ ತೂಕ ಬರುತ್ತಿರಲಿಲ್ಲ ಎಂದು ನನ್ನ ಎಣಿಕೆ. ಎಣಿಕೆ ಮಾತ್ರ, ಏಕೆಂದರೆ ಕಾಯ್ದೆಯ ಪ್ರಕಾರ ಆ ವರದಿ ಗೋಪ್ಯ. ಅದರ ಸಾರವನ್ನು ಬೇಕಾದರೆ ಕೋರ್ಟು ತಿಳಿಸಬಹುದು. ನಮಗೆ ತಿಳಿದದ್ದು ‘ವರದಿ ಅನುಕೂಲಕರವಾಗಿದೆ’ ಎಂಬಷ್ಟೇ.

2024ರ ಮಾರ್ಚಿನಲ್ಲಿ ಆದೇಶವಾಯಿತು. ವಕೀಲರು ಬಾಯಲ್ಲಿ ಕೇಳಿದ್ದು ಕಲಂ 3, ಬುದ್ಧಿ ಹೇಳಿ ಬಿಡಿ ಎಂದು. ಮ್ಯಾಜಿಸ್ಟ್ರೇಟರು ಅದಕ್ಕೆ ಒಪ್ಪಲಿಲ್ಲ. ನಂಬಿಕೆಯ ಕೆಲಸದಲ್ಲಿದ್ದವನಿಗೆ ಬರೀ ಬುದ್ಧಿಮಾತು ಸಾಲದು ಎಂದರು. ನನಗೂ ಅದು ಅನ್ಯಾಯವೆನಿಸಲಿಲ್ಲ. ಕಲಂ 4ರಡಿ ಒಂದು ವರ್ಷದ ಸದ್ವರ್ತನೆಯ ಮುಚ್ಚಳಿಕೆ, ಒಬ್ಬ ಜಾಮೀನುದಾರ, ಆ ಒಂದು ವರ್ಷ ಪರಿವೀಕ್ಷಣಾಧಿಕಾರಿಯ ನಿಗಾ, ಕಲಂ 5ರಡಿ ಸಾಹುಕಾರರಿಗೆ 10,000 ರೂಪಾಯಿ ಪರಿಹಾರ. ನಿಗಾ ಎಂದು ಹಾಕಿದರೆ ಒಂದು ವರ್ಷಕ್ಕಿಂತ ಕಡಿಮೆ ಹಾಕಲು ಬರುವುದಿಲ್ಲ. ಶರತ್ತು ಮುರಿದರೆ ಕರೆಸಿ, ಇದೇ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಮೊದಲ ಸಲ ಮುರಿದವನಿಗೆ ಮುಚ್ಚಳಿಕೆಯನ್ನು ಹಾಗೇ ಉಳಿಸಿ ದಂಡ ಹಾಕಿ ಬಿಡಲೂಬಹುದು. ಆ ದಂಡ ಎಷ್ಟು ಗೊತ್ತೇ? ಐವತ್ತು ರೂಪಾಯಿ ಮೀರಬಾರದಂತೆ. 1958ರ ಐವತ್ತು ರೂಪಾಯಿ ಹಾಗೇ ಕೂತಿದೆ. ನಮ್ಮ ಮಾವ ಇದನ್ನು ಕೇಳಿ, ‘ಜೆರಾಕ್ಸಿಗೇ ಇದಕ್ಕಿಂತ ಹೆಚ್ಚು ಆಗಿದೆಯಲ್ಲೇ’ ಎಂದು ನಕ್ಕರು. ಅಂದು ಮನೆಯಲ್ಲಿ ಯಾರಾದರೂ ನಕ್ಕದ್ದು ಅವರೊಬ್ಬರೇ.

ಆ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಡಂ ಕರೆದಾಗ ಹೋಗಿ ಸಹಿ ಮಾಡಿದ, ಕೆಲಸಕ್ಕೆ ಹೋದ, ಮನೆಗೆ ಬಂದ.

ಜನ ತಪ್ಪು ತಿಳಿದಿರುವುದು ಮುಂದಿನ ವಿಷಯದಲ್ಲಿ. ಪ್ರೊಬೇಷನ್ ಸಿಕ್ಕರೆ ಕೇಸೇ ಇರಲಿಲ್ಲ ಎಂದಂತೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಲ್ಲ. ಕಲಂ 12 ಹೇಳುವುದು, ಶಿಕ್ಷಾರ್ಹನೆಂದು ತೀರ್ಮಾನವಾದುದರಿಂದ ಕಾನೂನಿನ ಪ್ರಕಾರ ಅಂಟುವ ಅನರ್ಹತೆ ಇವನಿಗೆ ಅಂಟಬಾರದು ಎಂದು. ತಪ್ಪಿತಸ್ಥ ಎಂಬ ತೀರ್ಮಾನ ಅಳಿಸಿಹೋಗುವುದಿಲ್ಲ. ಸರ್ಕಾರಿ ನೌಕರನೊಬ್ಬ ಪ್ರೊಬೇಷನ್ ಪಡೆದರೂ ಆ ನಡತೆಯ ಮೇಲೆ ಇಲಾಖೆ ಅವನನ್ನು ವಜಾ ಮಾಡಬಹುದು ಎಂದು 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಇನ್ನು ಕೆಲಸಕ್ಕೆ ಅರ್ಜಿ ಹಾಕುವಾಗ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣವಿತ್ತೇ’ ಎಂಬ ಕಲಮಿಗೆ ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದರೆ ಆ ಸುಳ್ಳೇ ಕೆಲಸ ಕಳೆಯಲು ಸಾಕು. 2016ರ ಅವತಾರ್ ಸಿಂಗ್ ಪ್ರಕರಣದಿಂದ ಈಚೆಗೆ ಇದರಲ್ಲಿ ಗೊಂದಲವಿಲ್ಲ. ತಮ್ಮ ಲೈನ್‌ಮನ್ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದಾನೆ. ಕೇಸು ಇತ್ತು, ಪಿ.ಓ. ಆಕ್ಟ್ ಅಡಿ ಬಿಡುಗಡೆಯಾಗಿದೆ ಎಂದು ಬರೆದು ಆದೇಶದ ನಕಲು ಲಗತ್ತಿಸು ಎಂದಿದ್ದೇನೆ. ಅವರು ತೆಗೆದುಕೊಳ್ಳಬಹುದು, ಬಿಡಬಹುದು.

2024ರ ಜುಲೈ 1ರಿಂದ ಕಾನೂನಿನ ಹೆಸರುಗಳೇ ಬದಲಾಗಿರುವುದರಿಂದ ಈಗ ಬರುವವರ ಎಫ್‌ಐಆರ್‌ನಲ್ಲಿ 381 ಇರುವುದಿಲ್ಲ. ನೌಕರನ ಕಳ್ಳತನ ಭಾರತೀಯ ನ್ಯಾಯ ಸಂಹಿತೆಯ 306ಕ್ಕೆ ಹೋಗಿದೆ, ಸಾದಾ ಕಳ್ಳತನ 303ಕ್ಕೆ. 303ರಲ್ಲಿ ಒಂದು ಹೊಸ ಮಾತಿದೆ: ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾಗುವವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಪ್ಲೀ ಬಾರ್ಗೇನಿಂಗ್‌ನಲ್ಲೂ ಮೊದಲ ಸಲದವರಿಗೆ ಹಿಂದಿಗಿಂತ ಹೆಚ್ಚು ರಿಯಾಯಿತಿ ಬಂದಿದೆ. 1958ರ ಕಾಯ್ದೆ ಮಾತ್ರ ಇದ್ದ ಹಾಗೇ ಇದೆ.

2025ರ ಮಾರ್ಚಿನಲ್ಲಿ ಮುಚ್ಚಳಿಕೆಯ ಅವಧಿ ಮುಗಿಯಿತು. ಮುಗಿಯಿತೆಂದು ಕೋರ್ಟಿನಿಂದ ಯಾವ ಕಾಗದವೂ ಮನೆಗೆ ಬರಲಿಲ್ಲ, ಯಾರೂ ಕರೆಯಲಿಲ್ಲ. ಬೆಳೆ ಸಾಲಕ್ಕೆ ಸೊಸೈಟಿಗೆ ಹೋದ ಮಾವನಿಗೆ ಅಲ್ಲಿಯ ಕಾರ್ಯದರ್ಶಿ, ಜಮೀನಿನ ಮೇಲೆ ಕೋರ್ಟು ಜಾಮೀನು ಇದೆಯಂತಲ್ಲ ಎಂದು ತಕರಾರು ತೆಗೆದರು. ಮಾವ ನೇರ ನನ್ನ ಅಂಗಡಿಗೆ ಬಂದು ಕೂತರು. ಆದೇಶದ ದೃಢೀಕೃತ ನಕಲಿಗೆ ಒಂದು ಅರ್ಜಿ, ಅವಧಿ ಮುಗಿದಿರುವುದರಿಂದ ಜಾಮೀನುದಾರರ ಹೊಣೆ ತೀರಿದೆಯೆಂದು ದಾಖಲಿಸಿಕೊಳ್ಳಲು ವಕೀಲರ ಕಡೆಯಿಂದ ಇನ್ನೊಂದು. ನಕಲುಗಳನ್ನು ಜಾಸ್ತಿಯೇ ತೆಗೆಸಿದೆ. ಒಂದು ಮಾವನಿಗೆ, ಒಂದು ತಮ್ಮನ ಅರ್ಜಿಗೆ. ಇಂಥ ಕೇಸು ಮುಗಿಸಿಕೊಂಡವರು ನಕಲು ಪಡೆಯುವುದನ್ನು ಮರುದಿನವೇ ಮಾಡಿಕೊಳ್ಳಿ. ಫೈಲು ರೆಕಾರ್ಡ್ ರೂಮಿಗೆ ಇಳಿದ ಮೇಲೆ ಹುಡುಕಿಸುವುದು ಇನ್ನೊಂದು ಕೇಸು.